ಒಂದೇ ಸಾಲು, ಎರಡು ಬಗೆ: ಹಾಡಿನ ಅರ್ಥದ ಪ್ರಶ್ನೆಗಳನ್ನು ಮಕ್ಕಳ ಜೊತೆ ಬಿಡಿಸುವುದು ಹೇಗೆ?

ಸಂಗೀತ ಕಲಿಯುವ ಮಕ್ಕಳ ಕೆಲವು ಪ್ರಶ್ನೆಗಳಿಗೆ ಪುಸ್ತಕದಲ್ಲೇ ಉತ್ತರ ಸಿಗುತ್ತದೆ. ಈ ರಾಗಕ್ಕೆ ಎಷ್ಟು ಸ್ವರ, ಆ ತಾಳಕ್ಕೆ ಎಷ್ಟು ಮಾತ್ರೆ, ಇಂಥವು. ಇನ್ನು ಕೆಲವಕ್ಕೆ ಸಿಗುವುದಿಲ್ಲ. 'ಸಾರ್, ಯೂಟ್ಯೂಬ್‌ನಲ್ಲಿ ಈ ವಚನ ಬೇರೆ ಥರ ಇದೆ, ಯಾವುದು ಸರಿ?' 'ನಂಗೆ ದೇವರ ಮೇಲೆ ಅಷ್ಟು ನಂಬಿಕೆ ಇಲ್ಲ, ಇದನ್ನ ನಾನು ಹಾಡಬಹುದಾ?' 'ನೀವು ಹಾಡಿದ ಹಾಗೇ ಹಾಡಿದ್ರೆ ಅದು ನನ್ನ ಹಾಡು ಹೇಗಾಗುತ್ತೆ?' ಇಂಥದ್ದು ಬಂದಾಗ 'ಮೊದಲು ಹೇಳಿಕೊಟ್ಟದ್ದು ಹಾಡು, ಅದೆಲ್ಲ ಆಮೇಲೆ' ಎಂದು ನಾವು ಮೇಷ್ಟ್ರುಗಳು ಮುಂದಿನ ಪಾಠಕ್ಕೆ ಹೋಗುತ್ತೇವೆ. ಜೂನಿಯರ್ ಪರೀಕ್ಷೆ ಮುಗಿಯುತ್ತದೆ, ಸೀನಿಯರ್ ಪರೀಕ್ಷೆ ಮುಗಿಯುತ್ತದೆ, ಆ 'ಆಮೇಲೆ' ಮಾತ್ರ ಬರುವುದಿಲ್ಲ.

ಈ ಪ್ರಶ್ನೆಗಳನ್ನು ತರಗತಿಯೊಳಗೇ ಎತ್ತಿಕೊಳ್ಳಬಹುದು, ಎತ್ತಿಕೊಳ್ಳಲೇಬೇಕು. ದಾವಣಗೆರೆಯ ಸಂಗೀತ ಪಾಠದಲ್ಲಿ ನಾನು ಮಾಡುತ್ತಾ ಬಂದಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಮೇಷ್ಟ್ರುಗಳಿಗೆ ಇದರಲ್ಲಿ ಒಂದು ಅನುಕೂಲ ಜಾಸ್ತಿ. ಧಾರವಾಡ, ಗದಗದ ಕಡೆಯಿಂದ ಹಿಂದೂಸ್ತಾನಿ ಬರುತ್ತದೆ, ಮೈಸೂರು ಕಡೆಯಿಂದ ಕರ್ನಾಟಕ ಸಂಗೀತ ಬರುತ್ತದೆ. ಎರಡೂ ನಮ್ಮಲ್ಲಿ ಸೇರುತ್ತವೆ. ಮಠಗಳಲ್ಲಿ ವಚನ, ಕಂಪನಿ ನಾಟಕದ ರಂಗಗೀತೆ, ಚಳ್ಳಕೆರೆ, ಹಿರಿಯೂರು ಕಡೆಯ ಹಟ್ಟಿಗಳ ಪದ, ಎಲ್ಲವೂ ಮಕ್ಕಳ ಕಿವಿಗೆ ಬಿದ್ದಿರುತ್ತವೆ. ಒಂದೇ ಸಾಲನ್ನು ನಾಲ್ಕು ಥರ ಕೇಳಿ ಬೆಳೆದ ಮಗುವಿಗೆ ಪ್ರಶ್ನೆ ಹುಟ್ಟಿಸುವ ಕಷ್ಟವೇ ಇಲ್ಲ, ಹುಟ್ಟಿದ್ದನ್ನು ಉಳಿಸಿಕೊಂಡರೆ ಸಾಕು.

ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮ ಒಂದೇ. ಹಾಡದೆ ಚರ್ಚೆ ಬೇಡ. ಮಗು ಏನೇ ಉತ್ತರ ಹೇಳಲಿ, 'ಹಾಗಾದ್ರೆ ಆ ಸಾಲನ್ನು ಹೇಗೆ ಹಾಡ್ತೀಯ, ಹಾಡಿ ತೋರಿಸು' ಎನ್ನಿ. ಹಾಡುವ ರೀತಿಯಲ್ಲಿ ಏನೂ ಬದಲಾಗದಿದ್ದರೆ ಆ ಉತ್ತರ ಇನ್ನೂ ಬರೀ ಮಾತು. ಬದಲಾದರೆ, ಮಗು ನಿಜವಾಗಿ ಯೋಚಿಸಿದೆ.

ಮೊದಲು ಒಂದಿಷ್ಟು ತಯಾರಿ

ಹೈಸ್ಕೂಲು, ಪಿಯು ಮಕ್ಕಳಿಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಸಣ್ಣವರಿಗೆ ಮೊದಲನೇ ಪಾಠ ಮತ್ತು ಅಜ್ಜಿಯ ಹಾಡಿನ ಪಾಠ ಸಾಕು. ಹದಿನೈದು ದಿನಕ್ಕೊಮ್ಮೆ, ತರಗತಿಯ ಕೊನೆಯ ಅರ್ಧ ಗಂಟೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ಗಂಟಲು ಬಿಸಿಯಾಗಿರುತ್ತದೆ, ಸಂಕೋಚವೂ ಹೋಗಿರುತ್ತದೆ. ಮಕ್ಕಳಿಗೆ ಬಾಯಿಪಾಠ ಬರುವ ಹಾಡನ್ನೇ ಆರಿಸಿ. ಹೊಸ ಹಾಡಾದರೆ ಸಾಹಿತ್ಯ ನೆನಪಿಡುವುದರಲ್ಲೇ ತಲೆ ಖರ್ಚಾಗುತ್ತದೆ.

ಸಾಲಾಗಿ ಬೇಡ, ದುಂಡಗೆ ಕೂರಿಸಿ. ಶ್ರುತಿ ಪೆಟ್ಟಿಗೆ ಇರಲಿ, ಹಾರ್ಮೋನಿಯಂ ಮುಚ್ಚಿಡಿ. ಇದು ಮುಖ್ಯ. ನಮ್ಮ ಬೆರಳು ಹೋದ ಕಡೆ ಮಕ್ಕಳ ಗಂಟಲು ಹೋಗುತ್ತದೆ, ಆಮೇಲೆ ಆ ಹಾಡಿನಲ್ಲಿ ಅವರ ತೀರ್ಮಾನ ಎಂಬುದು ಏನೂ ಉಳಿಯುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಒಬ್ಬರನ್ನು ನೇಮಿಸಿ. ತರಗತಿಗೆಲ್ಲ ಸೇರಿ ಒಂದು ನೋಟ್‌ಬುಕ್ ಇರಲಿ.

ಒಂದನೇ ಪಾಠ: ಹಾಡು ಎಲ್ಲಿದೆ?

ನಾಡಗೀತೆಯಿಂದ ಶುರು ಮಾಡಿ. ಎಲ್ಲರಿಗೂ ಬರುತ್ತದೆ, ಜೊತೆಗೆ ಅದರ ಕಥೆಯೇ ಒಂದು ಪಾಠ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ನಾಡಗೀತೆಯಾಯಿತು. ಆದರೆ ಯಾವ ಧಾಟಿಯಲ್ಲಿ ಹಾಡಬೇಕು ಎಂಬ ವಾದ ವರ್ಷಗಟ್ಟಲೆ ನಡೆಯಿತು. ಮೈಸೂರು ಅನಂತಸ್ವಾಮಿ ಅವರ ಧಾಟಿ ಒಂದು, ಸಿ. ಅಶ್ವತ್ಥ್ ಅವರ ಧಾಟಿ ಇನ್ನೊಂದು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು ಗೊತ್ತು ಮಾಡಿತು. ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಎಂದೂ ಹೇಳಿತು. ವಿಷಯ ಹೈಕೋರ್ಟಿಗೂ ಹೋಯಿತು. ಒಂದು ಹಾಡಿನ ಧಾಟಿಗಾಗಿ ದೊಡ್ಡವರು ಕೋರ್ಟಿಗೆ ಹೋಗಿದ್ದರು ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಈಗ ಮೂರು ಗುಂಪು ಮಾಡಿ. 'ಸರ್ವ ಜನಾಂಗದ ಶಾಂತಿಯ ತೋಟ' ಸಾಲನ್ನು ಒಂದು ಗುಂಪು ಅನಂತಸ್ವಾಮಿ ಧಾಟಿಯಲ್ಲಿ ಹಾಡಲಿ, ಇನ್ನೊಂದು ಅಶ್ವತ್ಥ್ ಧಾಟಿಯಲ್ಲಿ ಹಾಡಲಿ. ಮೂರನೆಯ ಗುಂಪು ರಾಗ ಇಲ್ಲದೆ ಗಟ್ಟಿಯಾಗಿ ಓದಲಿ. ಆಮೇಲೆ ಕೇಳಿ: ಈ ಮೂರರಲ್ಲಿ ನಾಡಗೀತೆ ಯಾವುದು?

'ಮೂರೂ' ಎನ್ನುವವರು ಇರುತ್ತಾರೆ. 'ಮಾತು ಅದೇ ತಾನೆ, ಹಾಗಾಗಿ ಮೂರೂ' ಎನ್ನುತ್ತಾರೆ. ಆಗ ಮಾತು ತೆಗೆದುಹಾಕಿ. ಧಾಟಿಯನ್ನು ಬರೀ ಗುನುಗಲು ಹೇಳಿ. ನಮ್ಮ ತರಗತಿಯಲ್ಲಿ ಹೀಗೆ ಗುನುಗುತ್ತಿದ್ದಾಗ ಹಿಂದೆ ಕೂತಿದ್ದ ಹುಡುಗನೊಬ್ಬ ತನಗೆ ಗೊತ್ತಿಲ್ಲದೆ ಎದ್ದು ನಿಂತ. ಪಕ್ಕದವನೂ ಅರ್ಧ ಎದ್ದ. 'ಯಾಕಪ್ಪಾ ಎದ್ದೆ? ಮಾತೇ ಇರಲಿಲ್ಲವಲ್ಲ' ಎಂದು ಕೇಳಿದ ಮೇಲೆ ನಾನು ಬೇರೇನೂ ಹೇಳಬೇಕಾಗಿ ಬರಲಿಲ್ಲ. ಹಾಡು ಮಾತಿನಲ್ಲಿದೆಯೋ, ಧಾಟಿಯಲ್ಲಿದೆಯೋ, ನಮ್ಮ ನೆನಪಿನಲ್ಲಿದೆಯೋ ಎಂಬ ವಾದ ತಾನಾಗಿ ಹತ್ತಿಕೊಂಡಿತು.

ಕೊನೆಯಲ್ಲಿ ಒಂದು ಪ್ರಶ್ನೆ ಉಳಿಸಿ. ಇದಕ್ಕೆ ಸಮಯ ಗೊತ್ತು ಮಾಡಿದ್ದು ಯಾಕೆ, ಬೇರೆ ಭಾವಗೀತೆಗಳಿಗೆ ಯಾಕಿಲ್ಲ? ಸಾವಿರಾರು ಜನ ಒಟ್ಟಿಗೆ ಹಾಡುವ ಹಾಡಿಗೂ ಒಬ್ಬರು ಕೂತು ಹಾಡುವ ಹಾಡಿಗೂ ಇರುವ ಸ್ವಾತಂತ್ರ್ಯ ಒಂದೇ ಅಲ್ಲ ಎಂಬಲ್ಲಿಗೆ ಅವರೇ ಬರುತ್ತಾರೆ. ರಾಷ್ಟ್ರಗೀತೆಗೂ ಸುಮಾರು 52 ಸೆಕೆಂಡು ಎಂಬ ಲೆಕ್ಕ ಇದೆ ಎಂದು ಹೇಳಿ. ಆದರೆ ಅದರ ಮೇಲೆ ಪ್ರಯೋಗ ಮಾಡಿಸಬೇಡಿ, ಮಾತಾಡಿದರೆ ಸಾಕು.

ಎರಡನೇ ಪಾಠ: ಯಾರ ಮನಸ್ಸಿನಲ್ಲಿದ್ದದ್ದನ್ನು ಹಾಡುತ್ತಿದ್ದೇವೆ?

ಇದಕ್ಕೆ ಎರಡು ಮೂರು ತರಗತಿ ಬೇಕಾಗುತ್ತದೆ. ಅವಸರ ಮಾಡಬೇಡಿ.

ವಚನಗಳು 12ನೇ ಶತಮಾನದವು. ರಾಗ, ತಾಳದ ಹೆಸರು ಹೊತ್ತು ಬಂದ ಸ್ವರವಚನಗಳನ್ನು ಬಿಟ್ಟರೆ, ಇದಕ್ಕೆ ಇಂಥದ್ದೇ ಮಟ್ಟು ಎಂದು ಯಾರೂ ಬರೆದಿಟ್ಟಿಲ್ಲ. ನಾವು ಇವತ್ತು ಕೇಳುವ ವಚನ ಗಾಯನದ ರೂಪ ಬಹುಪಾಲು ಕಳೆದ ಶತಮಾನದ್ದು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮುಂತಾದವರು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಅದನ್ನು ಮನೆಮನೆಗೆ ತಲುಪಿಸಿದರು. ಇಷ್ಟನ್ನು ಮಕ್ಕಳಿಗೆ ಹೇಳಿ. 'ಬಸವಣ್ಣನವರು ಇದೇ ರಾಗದಲ್ಲಿ ಹಾಡಿದ್ರು' ಎಂದು ನಂಬಿಕೊಂಡಿರುವ ಮಕ್ಕಳು ಬಹಳ.

ನಾನು ಆರಿಸಿಕೊಳ್ಳುವುದು ಅಕ್ಕಮಹಾದೇವಿಯವರ 'ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ'. ಮನಸೂರರು ಹಾಡಿದ್ದು ಬಹಳ ಹೆಸರಾದದ್ದು. ಅದನ್ನು ಮೊದಲೇ ಕೇಳಿಸಬೇಡಿ. ಕೇಳಿಸಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ, ಎಲ್ಲರೂ ಮನಸೂರರ ಹಿಂದೆ ಹೋಗುತ್ತಾರೆ.

ಮೊದಲು ಇಬ್ಬರನ್ನು ಎದುರುಬದುರು ಕೂರಿಸಿ, ಇದನ್ನು ಮಾತಿನಂತೆ ಹೇಳಿಸಿ. ಬೆಳಿಗ್ಗೆ ಎದ್ದು ಅಕ್ಕನಿಗೆ ಕನಸು ಹೇಳುವ ಹಾಗೆ. ಅಕ್ಕಿ ಕಂಡೆ, ಅಡಕೆ ಕಂಡೆ, ಓಲೆ ಕಂಡೆ, ತೆಂಗಿನಕಾಯಿ ಕಂಡೆ. ಹೇಳುವವಳ ಉಸಿರು ಎಲ್ಲಿ ಏರುತ್ತದೆ ಎಂದು ಉಳಿದವರು ಗಮನಿಸಲಿ. ಕೆಲವರು ಇದನ್ನು ಸಾಮಾನಿನ ಪಟ್ಟಿಯಂತೆ ಸಮನಾಗಿ ಹೇಳುತ್ತಾರೆ. ಕೆಲವರಿಗೆ ಈ ಸಾಮಾನು ಯಾವುದಕ್ಕೆ ಎಂದು ಥಟ್ಟನೆ ಹೊಳೆಯುತ್ತದೆ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಒಟ್ಟಿಗೆ ಕಂಡರೆ ಅದು ಮದುವೆ ಮನೆ! ಹೊಳೆದ ತಕ್ಷಣ ದನಿ ಬದಲಾಗುತ್ತದೆ. ಆ ಬದಲಾದ ದನಿಯನ್ನೇ ಹಿಡಿದುಕೊಂಡು ಹಾಡಿಸಿ. ಪ್ರತಿ ಸಲದ 'ಕಂಡೆ'ಗೂ ಅದೇ ಸ್ವರವೋ, ಒಂದೊಂದೇ ಮೆಟ್ಟಿಲು ಮೇಲೆ ಹೋಗಬೇಕೋ, ಅವರೇ ಗೊತ್ತು ಮಾಡಲಿ.

ಆಮೇಲೆ ಕೊನೆಯ ಸಾಲಿಗೆ ಬನ್ನಿ. ಭಿಕ್ಷೆಗೆ ಬಂದ ಗೊರವನ (ಶೈವ ಸನ್ಯಾಸಿಯ) ಬೆನ್ನು ಹತ್ತಿ, ಕೈಹಿಡಿದು, ಚೆನ್ನಮಲ್ಲಿಕಾರ್ಜುನನ ಕಂಡು 'ಕಣ್ತೆರೆದೆನು' ಎನ್ನುತ್ತಾರೆ ಅಕ್ಕಮಹಾದೇವಿ. ಇಲ್ಲಿ ನಿಲ್ಲಿಸಿ ಕೇಳಿ: ಕಣ್ಣು ತೆರೆದಾಗ ಕನಸು ಮುಗಿಯಿತಾ, ನಿಜ ಶುರುವಾಯಿತಾ? ತರಗತಿ ಎರಡು ಪಾಲಾಗುತ್ತದೆ. ಮುಗಿಯಿತು ಎನ್ನುವವರನ್ನು ನಿಧಾನವಾಗಿ ಷಡ್ಜಕ್ಕೆ (ಸ) ಇಳಿದು ನಿಲ್ಲಲು ಹೇಳಿ. ಶುರುವಾಯಿತು ಎನ್ನುವವರು ಪಂಚಮದಲ್ಲೇ (ಪ) ನಿಲ್ಲಲಿ, ಅಥವಾ ನಿಷಾದದಲ್ಲಿ (ನಿ) ಬಿಟ್ಟುಬಿಡಲಿ. ಷಡ್ಜಕ್ಕೆ ಬಾರದೆ ಬಿಟ್ಟ ನಿಷಾದ ಕಿವಿಗೆ ಏನು ಮಾಡುತ್ತದೆ ಎಂದು ನಿಮಗೂ ಗೊತ್ತು. ಆ ಚಡಪಡಿಕೆಯೇ ಅವರ ಉತ್ತರ. ಒಂದು ಪಾಲು ಹಾಡುವಾಗ ಇನ್ನೊಂದು ಪಾಲು ಕಣ್ಣು ಮುಚ್ಚಿ ಕೇಳಲಿ.

ಇಷ್ಟಾದ ಮೇಲೆ ದೊಡ್ಡ ಪ್ರಶ್ನೆ. 'ಅಕ್ಕನಿಗೆ ಯಾವುದು ಬೇಕಿತ್ತು?' ಅವರನ್ನು ಕೇಳುವಂತಿಲ್ಲ. ಹಾಗಾದರೆ ತೀರ್ಮಾನ ಮಾಡುವವರು ಯಾರು? ಒಬ್ಬರು 'ಅಕ್ಕನ ಬೇರೆ ವಚನ ಓದಿ ನೋಡೋಣ, ಅವರ ಮನಸ್ಸು ತಿಳಿಯುತ್ತೆ' ಎನ್ನುತ್ತಾರೆ. ಇನ್ನೊಬ್ಬರು 'ಅವರ ಮನಸ್ಸು ಯಾಕೆ, ಸಾಲಿನಲ್ಲಿ ಇರೋದಷ್ಟೇ ನೋಡಬೇಕು' ಎನ್ನುತ್ತಾರೆ. 'ಕೇಳುವವರಿಗೆ ಏನು ತಲುಪುತ್ತೋ ಅದೇ ಅರ್ಥ' ಎಂಬುದು ಮೂರನೆಯವರ ವಾದ. ಕಾಲೇಜುಗಳಲ್ಲಿ ಪ್ರಬಂಧ ಬರೆದು ವಾದಿಸುವ ಮೂರೂ ನಿಲುವುಗಳು ಇವೇ. ಹೆಸರು ಹೇಳಿಕೊಡುವ ಅಗತ್ಯವಿಲ್ಲ. ಮೂವರಿಂದಲೂ ಹಾಡಿಸಿ, ಅಷ್ಟೇ.

ಇಲ್ಲಿ ಬಸವಣ್ಣನವರನ್ನು ಕರೆತನ್ನಿ. ತಾಳಮಾನ ಅರಿಯೆ, ಗಣಗಳ ಲೆಕ್ಕ ಅರಿಯೆ ಎಂದು ಶುರುವಾಗುವ ವಚನ 'ಆನು ಒಲಿದಂತೆ ಹಾಡುವೆ' ಎಂದು ಮುಗಿಯುತ್ತದೆ. ಮಕ್ಕಳು ಇದನ್ನು ಕೇಳಿ ಖುಷಿಪಡುತ್ತಾರೆ. 'ನೋಡಿ ಸಾರ್, ಹೇಗೆ ಬೇಕಾದ್ರೂ ಹಾಡಬಹುದು ಅಂತ ಬಸವಣ್ಣನವರೇ ಹೇಳಿದ್ದಾರೆ!' ಹೌದಾ? ಹಾಗಾದರೆ 'ಅಕ್ಕ ಕೇಳವ್ವಾ'ವನ್ನು ಗಣೇಶನ ಮೆರವಣಿಗೆಯ ಡಿಜೆ ಬೀಟ್‌ಗೆ ಹಾಡಿ ಎನ್ನಿ. ಎರಡು ಸಾಲು ಹಾಡುವಷ್ಟರಲ್ಲಿ ನಗು ಬರುತ್ತದೆ. ನಗು ನಿಂತ ಮೇಲೆ, 'ಯಾಕೆ ನಕ್ಕಿರಿ? ಕಾರಣ ಹೇಳಿ' ಎನ್ನಿ. 'ಚೆನ್ನಾಗಿಲ್ಲ' ಎಂದರೆ ಒಪ್ಪಬೇಡಿ. ಕಾರಣ ವಚನದ ಒಳಗಿಂದಲೇ ಬರಬೇಕು. ಒಬ್ಬ ಹುಡುಗಿ ಹೇಳಿದ್ದು ನನಗೆ ಬಹಳ ಹಿಡಿಸಿತು: 'ಇದು ಒಬ್ಬಳು ಇನ್ನೊಬ್ಬಳಿಗೆ ಹತ್ತಿರ ಕೂತು ಹೇಳ್ತಿರೋದು. ಕೂಗಿ ಹೇಳಿದ್ರೆ ಅದು ಕನಸು ಅನ್ನಿಸಲ್ಲ.' ಒಲಿದಂತೆ ಹಾಡುವುದಕ್ಕೂ ತೋಚಿದಂತೆ ಹಾಡುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮನಸೂರರ ಧ್ವನಿಮುದ್ರಣವನ್ನು ಈಗ ಹಾಕಿ. ಅವರು ಕೊನೆಯ ಸಾಲನ್ನು ಏನು ಮಾಡಿದ್ದಾರೆ, 'ಕಂಡೆ'ಯ ಮೇಲೆ ಎಲ್ಲಿ ನಿಲ್ಲುತ್ತಾರೆ ಎಂದು ಮಕ್ಕಳು ಈಗ ಕೇಳುವ ಕಿವಿಯೇ ಬೇರೆ. ಅವರ ತೀರ್ಮಾನ ತಮಗೆ ಒಪ್ಪಿಗೆಯಾಗಲಿಲ್ಲ ಎಂದು ಯಾರಾದರೂ ಹೇಳಿದರೆ ಗದರಬೇಡಿ. ಕಾರಣ ಕೇಳಿ.

ಮೂರನೇ ಪಾಠ: ಐದೇ ಸ್ವರ, ಮೂರು ರಾಗ

ಬೋರ್ಡಿನ ಮೇಲೆ ಸ ರಿ ಗ ಪ ದ ಎಂದು ಬರೆಯಿರಿ. ರಿ, ಗ, ದ ಮೂರೂ ಶುದ್ಧ ಎಂದು ಹಿಂದೂಸ್ತಾನಿ ಮಕ್ಕಳಿಗೆ ಹೇಳಿದರೆ 'ಭೂಪ್' ಎನ್ನುತ್ತಾರೆ. ಕರ್ನಾಟಕ ಸಂಗೀತ ಕಲಿತ ಮಗು 'ಮೋಹನ' ಎನ್ನುತ್ತದೆ. ಇಬ್ಬರೂ ಸರಿ. ಆಗ ನೀವು 'ದೇಶಕಾರವೂ ಇದೇ ಐದು ಸ್ವರ' ಎನ್ನಿ.

ಭೂಪ್‌ನಲ್ಲಿ ಗಾಂಧಾರ (ಗ) ವಾದಿ, ಅಂದರೆ ರಾಗದ ಮುಖ್ಯ ಸ್ವರ; ಧೈವತ (ದ) ಸಂವಾದಿ, ಅಂದರೆ ಅದರ ನಂತರದ ಮುಖ್ಯ ಸ್ವರ. ದೇಶಕಾರದಲ್ಲಿ ಅದು ತಿರುಗುಮುರುಗು, ಧೈವತವೇ ವಾದಿ. ಭೂಪ್ ರಾತ್ರಿಯ ಮೊದಲ ಪ್ರಹರದ್ದು, ದೇಶಕಾರ ಬೆಳಗಿನದು. ಮೊದಲು ಗಾಂಧಾರದಲ್ಲಿ ನಿಂತು, ಅದರ ಸುತ್ತ ಓಡಾಡಿ ಹಾಡಿಸಿ. ಆಮೇಲೆ ಮೇಲಿನ ಧೈವತಕ್ಕೆ ಹೋಗಿ ಅಲ್ಲೇ ಠಿಕಾಣಿ ಹೂಡಿಸಿ. ಮೋಹನ ಬರುವ ಮಗುವಿದ್ದರೆ ಅದು ಸ್ವರವನ್ನು ಅಲುಗಿಸುವ ತನ್ನ ಗಮಕದೊಂದಿಗೆ ಹಾಡಲಿ.

ಇಷ್ಟು ಹೊತ್ತು ಮುಚ್ಚಿಟ್ಟಿದ್ದ ಹಾರ್ಮೋನಿಯಂ ತೆಗೆಯಲು ಇದೇ ಸಮಯ. ಮೂರಕ್ಕೂ ಒತ್ತುವ ಮನೆಗಳು (ಕೀಗಳು) ಅವೇ ಐದು. 'ಮನೆ ಅದೇ, ರಾಗ ಬೇರೆ. ಬೇರೆಯಾದದ್ದು ಎಲ್ಲಿದೆ?' ಎಂದು ಕೇಳಿ. ಎಲ್ಲಿ ನಿಂತೆವು, ಹೇಗೆ ಜಾರಿದೆವು, ಯಾವುದನ್ನು ಮುಟ್ಟಿ ಬಿಟ್ಟೆವು ಎಂದು ಹುಡುಕತೊಡಗುತ್ತಾರೆ. ಬರೆದಿಟ್ಟ ಸ್ವರದಲ್ಲಿ ಇಲ್ಲದ್ದು ಹಾಡಿನಲ್ಲಿ ಇರುತ್ತದೆ ಎಂಬುದು ಕೈಗೆ ಸಿಕ್ಕ ಹಾಗಾಗುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವುದು ಹಾರ್ಮೋನಿಯಂಗೆ ಬರುವುದಿಲ್ಲ ಎಂಬುದು ಅದರ ಮೇಲಿನ ಹಳೆಯ ಆಕ್ಷೇಪ. ಆಕಾಶವಾಣಿ 1940ರಿಂದ 1971ರ ತನಕ ಅದನ್ನು ಹೊರಗಿಟ್ಟಿತ್ತು ಎಂದು ಹೇಳಿದರೆ, ನಮ್ಮ ಕಡೆ ಪ್ರತಿ ಭಜನೆ ಮನೆಯಲ್ಲೂ ಹಾರ್ಮೋನಿಯಂ ಕಂಡ ಮಕ್ಕಳು ನಂಬುವುದೇ ಇಲ್ಲ.

ಸಂಜೆ ತರಗತಿಯಲ್ಲಿ ದೇಶಕಾರ ಹಾಡಿದ್ದು ತಪ್ಪಾ? ಇದನ್ನು ಐದೇ ನಿಮಿಷ ಎತ್ತಿ ಬಿಟ್ಟುಬಿಡಿ. ಹಿಂದೂಸ್ತಾನಿಯಲ್ಲಿ ಹೊತ್ತಿನ ಕಟ್ಟು ಜಾಸ್ತಿ, ಕರ್ನಾಟಕ ಸಂಗೀತದ ಕಛೇರಿಯಲ್ಲಿ ಅಷ್ಟಿಲ್ಲ. ಬೆಳಗು ಸ್ವರದಲ್ಲಿದೆಯೋ ನಮ್ಮ ರೂಢಿಯಲ್ಲಿದೆಯೋ ಎಂದು ಯೋಚಿಸುತ್ತಾ ಮನೆಗೆ ಹೋಗಲಿ.

ನಾಲ್ಕನೇ ಪಾಠ: ಅನುಕರಣೆ

ಟಿವಿ ಷೋ, ರೀಲ್ಸ್ ನೋಡಿ ಬೆಳೆದ ಮಕ್ಕಳಿಗೆ 'ಥೇಟ್ ಅವರ ಥರಾನೇ ಹಾಡ್ತಾಳೆ' ಎಂಬುದು ದೊಡ್ಡ ಹೊಗಳಿಕೆ. ಇದನ್ನು ಬೈದು ಬಿಡಿಸಲಾಗುವುದಿಲ್ಲ. ಬಿಡಿಸುವ ಅಗತ್ಯವೂ ಇಲ್ಲ, ಗುರುವಿನ ಮುಂದೆ ಕೂತು ಕಲಿಯುವುದೂ ಅನುಕರಣೆಯೇ.

13ನೇ ಶತಮಾನದಲ್ಲಿ ಶಾರ್ಙ್ಗದೇವ ಸಂಗೀತ ರತ್ನಾಕರದಲ್ಲಿ ಗಾಯಕರನ್ನು ಐದು ಬಗೆ ಮಾಡಿದ್ದಾನೆ: ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವಕ. ಚೆನ್ನಾಗಿ ಕಲಿಸಬಲ್ಲವನು, ಇನ್ನೊಬ್ಬರ ರೀತಿಯನ್ನು ಹಿಡಿದು ಹಾಡುವವನು, ರಸದಲ್ಲಿ ಮುಳುಗಿದವನು, ಕೇಳುವವರನ್ನು ಒಲಿಸಿಕೊಳ್ಳುವವನು, ಹಾಡಿಗೆ ಭಾವ ತುಂಬಿ ಬೆಳೆಸುವವನು. ಈ ಐದನ್ನು ಹೇಳಿ, 'ನೀವು ಈಗ ಯಾವುದು, ಮುಂದೆ ಯಾವುದಾಗಬೇಕು?' ಎಂದು ಬರೆಸಿ. ಆಮೇಲೆ ಒಂದು ಕೆಲಸ ಕೊಡಿ. ಇಷ್ಟದ ಗಾಯಕರ ಒಂದೇ ಒಂದು ಸಾಲನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಡಬೇಕು. ಮರುವಾರ ಅದೇ ಸಾಲಿನಲ್ಲಿ ಒಂದು ಕಡೆ ಮಾತ್ರ ಬದಲಾಯಿಸಬೇಕು, ಯಾಕೆ ಬದಲಾಯಿಸಿದೆ ಎಂದು ಹೇಳಬೇಕು. ಸರಿಯಾಗಿ ಅನುಕರಿಸದವನಿಗೆ ತಾನು ಏನು ಬದಲಾಯಿಸಿದೆ ಎಂಬುದೇ ತಿಳಿಯುವುದಿಲ್ಲ. ಈ ಕ್ರಮದಲ್ಲಿ ನನಗೆ ಪೂರ್ತಿ ನಂಬಿಕೆ ಇದೆ.

ಐದನೇ ಪಾಠ: ಹಾಡುವವನಿಗೆ ಹಾಗೆ ಅನ್ನಿಸಲೇಬೇಕಾ?

ಇಲ್ಲಿ ಸ್ವಲ್ಪ ಎಚ್ಚರ ಬೇಕು. ದುಃಖದ ಹಾಡು ಹಾಡಲು ದುಃಖ ಬೇಕಾ, ಭಕ್ತಿಯ ಹಾಡು ಹಾಡಲು ಭಕ್ತಿ ಬೇಕಾ? ಮೊದಲು ರಂಗಗೀತೆಯಿಂದ ಹೊರಡಿ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರನ್ನು ಮಕ್ಕಳ ಅಜ್ಜ ಅಜ್ಜಿಯರು ಇವತ್ತಿಗೂ ಹೇಳುತ್ತಾರೆ. ಕಂಪನಿ ನಾಟಕದಲ್ಲಿ ಜನ 'ಒನ್ಸ್ ಮೋರ್' ಎಂದು ಕೂಗಿದರೆ ಕಲಾವಿದರು ಅಳುವ ಹಾಡನ್ನೂ ಮತ್ತೆ ಮೊದಲಿಂದ ಹಾಡುತ್ತಿದ್ದರು. ಎರಡನೇ ಸಲದ ಅಳು ಸುಳ್ಳಾ? ಮೊದಲನೆಯದು ನಿಜವಾಗಿತ್ತಾ? ಜನ ಎರಡು ಸಲವೂ ಕಣ್ಣೊರೆಸಿಕೊಂಡರಲ್ಲ, ಅದು?

ಪ್ರಯೋಗ ಹೀಗೆ. ಒಬ್ಬರು ಒಂದು ಚರಣವನ್ನು ಎರಡು ಸಲ ಹಾಡಬೇಕು. ಒಮ್ಮೆ ಸಾಹಿತ್ಯದ ಮೇಲೆ ಪೂರ್ತಿ ಮನಸ್ಸಿಟ್ಟು, ಇನ್ನೊಮ್ಮೆ ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಾ. ಯಾವುದು ಯಾವುದು ಎಂದು ಉಳಿದವರು ಕಣ್ಣು ಮುಚ್ಚಿಕೊಂಡು ಊಹಿಸಲಿ. ಎಷ್ಟೋ ಸಲ ತಪ್ಪು ಊಹಿಸುತ್ತಾರೆ. ಹಾಗಂತ ಭಾವ ಬೇಡ ಎಂದೇನೂ ಸಾಬೀತಾಗುವುದಿಲ್ಲ. ಭಾವ ಇದ್ದರೂ ಗಂಟಲು, ಉಸಿರು, ಉಚ್ಚಾರ ಅದನ್ನು ಹೊತ್ತು ತರದಿದ್ದರೆ ಎದುರಿನವರಿಗೆ ತಲುಪುವುದಿಲ್ಲ ಎಂದು ಗೊತ್ತಾಗುತ್ತದೆ.

ಮನೆಯ ನಿಜವಾದ ನೋವನ್ನು ನೆನಪಿಸಿಕೊಂಡು ಹಾಡು ಎಂದು ಯಾವ ಮಗುವಿಗೂ ಹೇಳಬೇಡಿ. ಯಾರ ಮನೆಯಲ್ಲಿ ಏನಿದೆಯೋ ನಮಗೆ ತಿಳಿಯದು.

ನಂಬಿಕೆಯ ವಿಷಯವೂ ಹಾಗೇ. ನಮ್ಮ ತರಗತಿಗಳಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ವಚನ ಹಾಡುವ ಮುಸ್ಲಿಂ ಹುಡುಗಿ, ದೇವರೇ ಇಲ್ಲ ಎನ್ನುವ ಪಿಯು ಹುಡುಗ. ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಶರೀಫರ ಪದಗಳನ್ನು ಹಾಡಿ ಬೆಳೆದ ನಾಡು ನಮ್ಮದು, ಈ ಮಾತನ್ನು ಎತ್ತಲು ಹೆದರಬೇಕಿಲ್ಲ. ಆದರೆ 'ನೀನು ನಂಬ್ತೀಯಾ?' ಎಂದು ಒಬ್ಬರನ್ನೇ ಗುರಿ ಮಾಡಿ ಕೇಳಬೇಡಿ. 'ಈ ಸಾಲನ್ನು ಹೇಳುತ್ತಿರುವವರು ಏನನ್ನು ನಂಬಿದ್ದಾರೆ, ಅದು ನಮ್ಮ ದನಿಯಲ್ಲಿ ಕೇಳಿಸಬೇಕಾದರೆ ಏನು ಮಾಡಬೇಕು?' ಎಂದು ಕೇಳಿ. ಈ ಪ್ರಶ್ನೆಗೆ ಎಲ್ಲರೂ ಉತ್ತರಿಸಬಹುದು.

ಆರನೇ ಪಾಠ: ಅಜ್ಜಿಯ ಹಾಡು

ಪ್ರತಿ ಮಗುವೂ ಮನೆಯ ಹಿರಿಯರಿಂದ ಒಂದು ಹಾಡು ತರಬೇಕು. ಸೋಬಾನೆ, ಬೀಸುವ ಪದ, ಜೋಗುಳ, ಭಜನೆ ಯಾವುದಾದರೂ ಆಗಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಲಿ. ಆದರೆ ಎರಡು ಸಲ, ಬೇರೆ ಬೇರೆ ದಿನ. ಅದೇ ಅಜ್ಜಿ, ಅದೇ ಪದ. ಹೋಲಿಸಿ ನೋಡಿದರೆ ಎರಡೂ ಒಂದೇ ಆಗಿರುವುದು ಕಡಿಮೆ. ಒಂದು ನುಡಿ ಹೆಚ್ಚು, ಒಂದು ಹೆಸರು ಬೇರೆ, ಎಳೆಯುವ ಜಾಗ ಬೇರೆ. 'ಅಜ್ಜಿ ತಪ್ಪು ಹಾಡಿದ್ರು' ಎಂದು ಯಾರೂ ಹೇಳುವುದಿಲ್ಲ, ಗಮನಿಸಿ. ನಾವು ತರಗತಿಯಲ್ಲಿ ಹಾಗೆ ಹಾಡಿದರೆ ತಪ್ಪು, ಅಜ್ಜಿ ಹಾಡಿದರೆ ತಪ್ಪಲ್ಲ. ಯಾಕೆ?

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಯವರ ಬಗ್ಗೆ ಇಲ್ಲಿ ಹೇಳಿ. ಓದು ಬರಹ ಇಲ್ಲದ ಆ ತಾಯಿಯ ನಾಲಿಗೆಯಲ್ಲಿ ಸಾವಿರಾರು ಪದಗಳಿದ್ದವು. ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಗಣೆಯನ್ನೂ ಸಿಕ್ಕರೆ ಕೇಳಿಸಿ. ಆಳುದ್ದಕ್ಕೆ ಹತ್ತಿರ ಬರುವ ಬಿದಿರಿನ ಕೊಳಲು ಅದು. ಅಲ್ಲಿ ಸ್ವರ ಬರೆದ ಪುಸ್ತಕವಿಲ್ಲ, ಆದರೆ 'ಇದು ಹೀಗಲ್ಲ' ಎಂದು ತಿದ್ದುವ ಹಿರಿಯರಿದ್ದಾರೆ. ಪುಸ್ತಕವಿಲ್ಲದೆಯೂ ತಪ್ಪು ಸರಿ ಇರುತ್ತದೆ ಎಂಬುದನ್ನು ಪರೀಕ್ಷೆಗೆ ಓದುವ ಮಕ್ಕಳು ಕೇಳಿಸಿಕೊಳ್ಳಲೇಬೇಕು.

ಏಳನೇ ಪಾಠ: ಕೋಟೆಯ ಮೇಲೆ

ವರ್ಷಕ್ಕೊಮ್ಮೆ ಸಾಧ್ಯವಾದರೆ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿ. ಶನಿವಾರ, ಭಾನುವಾರ ಬ್ಯಾಡ, ಜನ ಜಾಸ್ತಿ. ಬಾಗಿಲು ತೆರೆದ ಕೂಡಲೇ ಒಳಗೆ ಹೋದರೆ ಬಿಸಿಲೂ ಕಡಿಮೆ. ಮೈಕು, ಸ್ಪೀಕರ್ ಒಯ್ಯಬೇಡಿ, ಅದು ಪುರಾತತ್ವ ಇಲಾಖೆ ಕಾಯುವ ಜಾಗ. ತಿಂಡಿ ಚೀಲ ಭದ್ರವಾಗಿರಲಿ, ಕೋತಿಗಳಿವೆ. ತರಗತಿಯಲ್ಲಿ ಹಾಡಿದ ಸಾಲನ್ನೇ ಗೋಪಾಲಸ್ವಾಮಿ ಹೊಂಡದ ಹತ್ತಿರ ಒಮ್ಮೆ, ಬಂಡೆಗಳ ನಡುವಿನ ಕಿರಿದಾದ ದಾರಿಯಲ್ಲಿ ಒಮ್ಮೆ, ಬಯಲಿನಲ್ಲಿ ಒಮ್ಮೆ ಹಾಡಿಸಿ. ದನಿ ತಿರುಗಿ ಬರುವ ಕಡೆ ಮಕ್ಕಳು ತಾವಾಗಿ ನಿಧಾನ ಮಾಡುತ್ತಾರೆ, ಬಯಲಲ್ಲಿ ಎತ್ತಿ ಹಾಡುತ್ತಾರೆ. ಅರ್ಥ ತೀರ್ಮಾನಿಸುವವರಲ್ಲಿ ಜಾಗವೂ ಒಂದು ಎಂದು ಇಲ್ಲಿ ತಿಳಿಯುತ್ತದೆ.

ದೊಡ್ಡ ಮಕ್ಕಳಿದ್ದರೆ ಅಲ್ಲೇ ಕೂತು ಭೈರವಿ ವೆಂಕಟಸುಬ್ಬಯ್ಯನ ಕಥೆ ಹೇಳಿ. ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿಯ ನಾಯಕ, ಇದೇ ದುರ್ಗದ ಸಂಗೀತಗಾರ. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಸಿನಿಮಾ ಮಾಡಿದರು. ಆಜ್ಞೆಗೆ ಹಾಡಲು ಒಪ್ಪದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡ ಗಾಯಕನ ಕಥೆ. ಹಾಡು ಹಾಡುವವನದ್ದಾ, ಹಾಡಿಸುವವನದ್ದಾ? ಕೊಟ್ಟ ಸಂಭಾವನೆಗೆ ಬಂದದ್ದು ದನಿ ಮಾತ್ರವಾ? ಈ ಕಥೆ ಸಣ್ಣ ಮಕ್ಕಳಿಗೆ ಬೇಡ. ಪಿಯು ದಾಟಿದವರು ಬಹಳ ಹೊತ್ತು ಮಾತಾಡುತ್ತಾರೆ.

ಮಾತು ನಡೆಸುವಾಗ

ಮೇಷ್ಟ್ರು ಕೊನೆಯಲ್ಲಿ ಮಾತಾಡಬೇಕು, ಅದೂ ಕಡಿಮೆ. ನಮ್ಮ ಅಭಿಪ್ರಾಯ ಮೊದಲೇ ಗೊತ್ತಾದರೆ ಮಕ್ಕಳು ಅದನ್ನೇ ತಿರುಗಿ ಹೇಳುತ್ತಾರೆ. ಒಂದು ತರಗತಿಗೆ ಒಂದೇ ಪ್ರಶ್ನೆ ಸಾಕು. ಬಾಯಿ ಬಿಡದ ಮಗುವಿಗೆ 'ನಿನ್ನ ಅಭಿಪ್ರಾಯ ಏನು?' ಎಂದು ಕೇಳಿ ಮುಜುಗರ ಮಾಡಬೇಡಿ. 'ಈ ಎರಡರಲ್ಲಿ ನೀನು ಯಾವುದು ಹಾಡ್ತೀಯ?' ಎನ್ನಿ. ಹಾಡಿದರೆ ಅದೇ ಅಭಿಪ್ರಾಯ.

'ಎಲ್ಲಾ ಅವರವರ ಇಷ್ಟ ಸಾರ್' ಎಂಬ ಮಾತು ಬಂದೇ ಬರುತ್ತದೆ. ಕೇಳಲು ದೊಡ್ಡತನದ ಮಾತು, ಆದರೆ ಚರ್ಚೆಗೆ ಬೀಗ ಹಾಕುತ್ತದೆ. 'ಇಷ್ಟ ಸರಿ, ಕಾರಣ ಏನು? ಆ ಕಾರಣ ಹಾಡಿನಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು' ಎಂದು ಸಾಲಿಗೆ ವಾಪಸ್ ಕರೆತನ್ನಿ.

ನೋಟ್‌ಬುಕ್‌ನಲ್ಲಿ ಪ್ರತಿ ಸಲ ಬರೆಯಬೇಕಾದದ್ದು ಇಷ್ಟೇ: ಸಾಲು ಯಾವುದು, ಯಾರು ಏನು ಬದಲಾಯಿಸಿದರು, ಯಾಕೆ.

'ಇದೆಲ್ಲ ಪರೀಕ್ಷೆಗೆ ಬರುತ್ತಾ?' ಎಂದು ಕೇಳುವ ಪೋಷಕರಿಗೆ ಭಾಷಣ ಬೇಡ. ಒಮ್ಮೆ ತರಗತಿಗೆ ಕರೆದು ಹಿಂದೆ ಕೂರಿಸಿ. ತಮ್ಮ ಮಗ ಒಂದು ಸಾಲನ್ನು ಎರಡು ಥರ ಹಾಡಿ ಕಾರಣ ಹೇಳುವುದನ್ನು ಕೇಳಿದ ಮೇಲೆ ಆ ಪ್ರಶ್ನೆ ಕೇಳಿದ ತಂದೆ ತಾಯಿಯನ್ನು ನಾನು ಕಂಡಿಲ್ಲ.

ವಾರ್ಷಿಕೋತ್ಸವಕ್ಕೆ

ಕಾರ್ಯಕ್ರಮದ ಪಟ್ಟಿಯಲ್ಲಿ ಪ್ರತಿ ಹಾಡಿನ ಕೆಳಗೆ ಸಾಹಿತ್ಯ ಯಾರದು, ಧಾಟಿ ಯಾರದು ಎಂದು ಹಾಕಿ. ಧಾಟಿ ಹಾಕಿದವರ ಹೆಸರು ನಮ್ಮ ಕಡೆ ಬಹಳ ಸಲ ಬಿಟ್ಟುಹೋಗುತ್ತದೆ, ಅದು ಸರಿಯಲ್ಲ. ಅದರ ಕೆಳಗೆ ಮಗು ತಾನು ಮಾಡಿದ ಒಂದು ಆಯ್ಕೆಯನ್ನು ಒಂದೇ ವಾಕ್ಯದಲ್ಲಿ ಬರೆಯಲಿ. ಕನಿಷ್ಠ ಒಂದು ವಚನವನ್ನು ಇಬ್ಬರು ಬೇರೆ ಬೇರೆ ಬಗೆಯಲ್ಲಿ, ಒಬ್ಬರ ಹಿಂದೆ ಒಬ್ಬರು ಹಾಡಲಿ. ಇದಕ್ಕೆ ಬಹುಮಾನ ಇಡಬೇಡಿ. ಸಭೆಯಲ್ಲಿ ಯಾರಾದರೂ ಹಿರಿಯರು ಎದ್ದು 'ನಾವು ಕೇಳಿದ್ದು ಹೀಗಲ್ಲ' ಎಂದರೆ ಅವರನ್ನು ವೇದಿಕೆಗೆ ಕರೆದು, ಅವರು ಕೇಳಿದ ಹಾಗೆ ಹಾಡಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹೊಸ ವರ್ಷದ ಎರಡನೇ ಪಾಠಕ್ಕೆ ಆ ರೆಕಾರ್ಡಿಂಗ್ ಬೇಕಾಗುತ್ತದೆ.